ತೋಳಿನ ಬಾವು: ಟೇಪಿನ ಅಳತೆಗೆ ಸಿಗದ ಕಷ್ಟ

ಪ್ರಶ್ನೆ: ನನಗೆ 52 ವರ್ಷ. ಮೂರು ವರ್ಷಗಳ ಹಿಂದೆ ಎಡಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದು ರೇಡಿಯೇಶನ್ ಕೊಟ್ಟರು. ಎಂಟು ತಿಂಗಳಿಂದ ಎಡತೋಳು ಬಾತುಕೊಂಡು ಭಾರವಾಗಿದೆ. ಬಳೆ ಏರುವುದಿಲ್ಲ. ಯಾರಾದರೂ ಕೇಳಿಯಾರೆಂದು ಮದುವೆ, ಮುಂಜಿಗಳಿಗೂ ಹೋಗುತ್ತಿಲ್ಲ. ಆಸ್ಪತ್ರೆಯಲ್ಲಿ ಟೇಪಿನಿಂದ ಅಳೆದು, ‘ಎರಡು ಸೆಂಟಿಮೀಟರ್ ಅಷ್ಟೇ, ಚಿಂತೆ ಬೇಡ’ ಎಂದರು. ಮನೆಯವರು ಆ ಕೈಯಲ್ಲಿ ಬಿಂದಿಗೆಯನ್ನೂ ಎತ್ತಲು ಬಿಡುವುದಿಲ್ಲ. ನಾನು ಮೊದಲಿನಂತೆ ಇರಬಲ್ಲೆನೇ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಎರಡು ಸೆಂಟಿಮೀಟರ್ ‘ಅಷ್ಟೇ’ ಅಲ್ಲ. ಇನ್ನೊಂದು ತೋಳಿಗಿಂತ ಸುತ್ತಳತೆ ಅಷ್ಟು ಹೆಚ್ಚಾದರೆ ಅದನ್ನು ಲಿಂಫೆಡೀಮಾ, ಅಂದರೆ ದುಗ್ಧರಸ (ಲಿಂಫ್ ಎಂಬ ದೇಹದ್ರವ) ಹರಿಯದೆ ನಿಂತು ಬರುವ ಬಾವು, ಎಂದು ಪರಿಗಣಿಸುವ ರೂಢಿ ವೈದ್ಯರಲ್ಲೇ ಇದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಸುತ್ತಳತೆಗೂ ಕಷ್ಟಕ್ಕೂ ಸರಿಯಾದ ತಾಳೆಯಿಲ್ಲ. ಸ್ವಲ್ಪವೇ ಬಾತ ಕೈಯಿಂದ ಬಹಳ ನೊಂದವರನ್ನೂ, ಬಹಳ ಬಾತಿದ್ದರೂ ಸಲೀಸಾಗಿ ಕೆಲಸ ಮಾಡಿಕೊಂಡಿರುವವರನ್ನೂ ನಾನು ಕಂಡಿದ್ದೇನೆ. ಇಂಗ್ಲೆಂಡಿನಲ್ಲಿ ರೂಪಿಸಿ 2010ರಲ್ಲಿ ಪ್ರಕಟಿಸಿದ ‘ಲಿಮ್‌ಕ್ವಾಲ್’ ಎಂಬ ಪ್ರಶ್ನಾವಳಿ ಈ ಕಾರಣದಿಂದಲೇ ಕೈಯಿಂದ ಏನೇನು ಮಾಡಲಾಗುತ್ತದೆ, ನೋಟದ ಬಗ್ಗೆ ಏನನ್ನಿಸುತ್ತದೆ, ನೋವು ಮತ್ತು ಭಾರ ಎಷ್ಟು, ಮನಸ್ಸು ಹೇಗಿದೆ ಎಂಬ ನಾಲ್ಕನ್ನೂ ಕೇಳುತ್ತದೆ. ಮುಂದಿನ ಭೇಟಿಗೆ ಮುನ್ನ ನೀವೂ ಒಂದು ಹಾಳೆಯಲ್ಲಿ ಮುದ್ದೆ ತಿರುವಲು, ತಲೆ ಬಾಚಲು, ರವಿಕೆಯ ಹುಕ್ಕು ಹಾಕಲು, ಮಗ್ಗುಲಾಗಿ ಮಲಗಲು ಆಗುವುದೇ ಎಂದು ಬರೆದುಕೊಂಡು ಹೋಗಿ. ಮದುವೆಗೆ ಹೋಗುವುದನ್ನು ಬಿಟ್ಟಿರುವುದನ್ನೂ ಬರೆಯಿರಿ. ಅದೂ ಚಿಕಿತ್ಸೆ ಬೇಡುವ ಸಂಗತಿಯೇ.

ಕಂಕುಳಿನ ಗ್ರಂಥಿಗಳು ತೋಳಿನ ದುಗ್ಧರಸ ಹರಿದುಹೋಗುವ ದಾರಿ. ಗ್ರಂಥಿಗಳನ್ನು ತೆಗೆದು, ಉಳಿದ ಸಣ್ಣ ನಾಳಗಳ ಮೇಲೆ ರೇಡಿಯೇಶನ್ ಬಿದ್ದಾಗ ಪ್ರೋಟೀನ್ ತುಂಬಿದ ಆ ದ್ರವ ಚರ್ಮದಡಿ ನಿಲ್ಲುತ್ತದೆ, ಕ್ರಮೇಣ ಅಂಗಾಂಶ ಗಟ್ಟಿಯಾಗುತ್ತದೆ. ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೂ ಬಾವು ಹೊಸದಾಗಿ ಕಾಣಿಸಿಕೊಂಡಾಗ ಕ್ಯಾನ್ಸರ್ ಮರಳಿಲ್ಲವೆಂದು ಒಮ್ಮೆ ಪರೀಕ್ಷಿಸಿಕೊಳ್ಳುವುದು ಅಗತ್ಯ. ಈವರೆಗೆ ಅದಾಗಿಲ್ಲದಿದ್ದರೆ ಈಗಲೇ ಕೇಳಿ.

ಬಿಂದಿಗೆಯ ವಿಷಯಕ್ಕೆ ಬರೋಣ. ಆ ಕೈಗೆ ಭಾರ ಕೂಡದೆಂಬುದು ಬಹುಕಾಲ ವೈದ್ಯರೇ ಕೊಡುತ್ತಿದ್ದ ಸಲಹೆ, ಆದ್ದರಿಂದ ಮನೆಯವರನ್ನು ದೂರಲಾಗದು. ಆದರೆ 2009ರಲ್ಲಿ ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಲಿಂಫೆಡೀಮಾ ಇದ್ದ ಮಹಿಳೆಯರು ವಾರಕ್ಕೆ ಎರಡು ಸಲ ಮೇಲ್ವಿಚಾರಣೆಯಲ್ಲಿ, ತೀರಾ ಕಡಿಮೆ ತೂಕದಿಂದ ಆರಂಭಿಸಿ ನಿಧಾನವಾಗಿ ಏರಿಸಿದಾಗ ಬಾವು ಹೆಚ್ಚಲಿಲ್ಲ. ತೊಂದರೆ ಉಲ್ಬಣಿಸುವುದು ಕಡಿಮೆಯಾಯಿತು, ತೋಳಿನ ಬಲವೂ ಹೆಚ್ಚಿತು. ಕೆಲಸವಿಲ್ಲದೆ ಕುಳಿತ ಕೈಯೇ ಸೊರಗುತ್ತದೆ. ಫಿಸಿಯೋಥೆರಪಿಸ್ಟ್ ಒಬ್ಬರ ಕಣ್ಣೆದುರು ಅರ್ಧ ಕಿಲೋದಿಂದ ತೊಡಗಿ, ಮರುದಿನ ತೋಳು ಹೆಚ್ಚು ಭಾರವಾಗಿದೆ ಅನ್ನಿಸಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಇದರ ಜೊತೆಗೆ, ಬಾವು ಇಳಿಯುವವರೆಗೆ ಪದರಪದರವಾಗಿ ಬ್ಯಾಂಡೇಜು, ಇಳಿದ ಮೇಲೆ ಅಳತೆಗೆ ತಕ್ಕ, ಮಣಿಕಟ್ಟಿನವರೆಗೆ ತೋಳಿಗೆ ತೊಡುವ ಒತ್ತಡದ ತೋಳುಗವಸು (ಕಂಪ್ರೆಶನ್ ಸ್ಲೀವ್) ಬೇಕಾಗುತ್ತದೆ. ಬೆಳಿಗ್ಗೆ ತೊಟ್ಟು ರಾತ್ರಿ ತೆಗೆಯಿರಿ. ಒಗೆದು ನೆರಳಲ್ಲಿ ಒಣಗಿಸಲು ಅನುಕೂಲವಾಗುವಂತೆ ಎರಡು ಇಟ್ಟುಕೊಳ್ಳಿ. ಬಿಗಿ ಸಡಿಲವಾಗುವುದರಿಂದ ಸುಮಾರು ಆರು ತಿಂಗಳಿಗೊಮ್ಮೆ ಹೊಸದು ಕೊಳ್ಳಬೇಕು. ಖರ್ಚಿನದೆಂಬುದು ನಿಜ, ಆದರೆ ಅಳತೆ ತಪ್ಪಿದ ಅಗ್ಗದ ತೋಳುಗವಸು ಮಣಿಕಟ್ಟಿನಲ್ಲಿ ಬಿಗಿದು ಅಂಗೈಯನ್ನೇ ಊದಿಸುತ್ತದೆ. ತರಕಾರಿ ಹೆಚ್ಚುವಾಗ, ಗಿಡದ ಕೆಲಸದಲ್ಲಿ ಗಾಯವಾಗದಂತೆ ನೋಡಿಕೊಳ್ಳಿ. ತೋಳು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ಅಂದೇ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ಅಮ್ಮನಿಗೂ ಇದೇ ತೊಂದರೆ. ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬಹುದೇ? ನೀರಿಳಿಸುವ ಮಾತ್ರೆ ಸಾಕಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡೂ ಬೇಡ. ಮಾತ್ರೆ ನೀರನ್ನಷ್ಟೇ ಹೊರಹಾಕುತ್ತದೆ, ಬಾವಿಗೆ ಮೂಲವಾದ ಪ್ರೋಟೀನ್ ಅಲ್ಲೇ ಉಳಿಯುತ್ತದೆ. ಹೃದಯ ಅಥವಾ ರಕ್ತದೊತ್ತಡಕ್ಕೆಂದು ವೈದ್ಯರು ಕೊಟ್ಟಿದ್ದರೆ ಮಾತ್ರ ನಿಲ್ಲಿಸಬೇಡಿ. ಶಾಖ ಮತ್ತು ಬಲವಾದ ತಿಕ್ಕುವಿಕೆ ರಕ್ತದ ಹರಿವನ್ನು ಹೆಚ್ಚಿಸಿ ಬಾವನ್ನು ಬೆಳೆಸಬಹುದು. ತರಬೇತಾದವರು ಮಾಡುವ ದುಗ್ಧರಸದ ನೀವಿಕೆ ಚರ್ಮವನ್ನು ಮೆಲ್ಲಗೆ ಸರಿಸುವಷ್ಟೇ ಹಗುರ. ಅದನ್ನು ಕಲಿತುಕೊಂಡರೆ ನೀವೇ ದಿನವೂ ಅಮ್ಮನಿಗೆ ಮಾಡಬಹುದು.