ಕೆರೆಗೆ ನಡಿಗೆಯ ದಾರಿ, ಕಾಲುವೆಗೆ ಸೈಕಲ್ ದಾರಿ

ಓದುಗರ ಪತ್ರ: "ನಮ್ಮ ಬಡಾವಣೆಯ ಪಕ್ಕ ಸುಮಾರು 40 ಎಕರೆಯ ಕೆರೆಯಿದೆ. ನಿವಾಸಿಗಳ ಸಂಘಕ್ಕೆ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ನಿಧಿ) ಸಿಗುವಂತಿದೆ. ಕೆರೆಯ ಸುತ್ತ 6 ಮೀಟರ್ ಅಗಲಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಸಿ, ವಾಕಿಂಗ್‌ಗೂ ಸೈಕಲ್‌ಗೂ ಒಂದೇ ದಾರಿ ಮಾಡಬೇಕೆಂದಿದ್ದೇವೆ. ಏರಿಯ ಮೇಲೂ ಅದೇ ಅಗಲ ಇಡಬಹುದೇ? ನಿಮ್ಮ ಸಲಹೆ ಬೇಕು." (ಮಹದೇವಪುರ ಕಡೆಯ ಓದುಗರು)

ಸಂಪಾದಕರ ಉತ್ತರ:

ಹಣ ಕೈಗೆ ಬರುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ಈ ಯೋಜನೆಯನ್ನು ಬದಲಿಸಿ ಎಂದೇ ನಾವು ಹೇಳಬೇಕಾಗಿದೆ.

ಮೊದಲು ಲೆಕ್ಕ ನೋಡಿ. 40 ಎಕರೆ ಕೆರೆಯ ಸುತ್ತಳತೆ ಅಂಕುಡೊಂಕು ಸೇರಿ 1.8 ಕಿ.ಮೀ. ಆಸುಪಾಸು ಬರುತ್ತದೆ. ಅದಕ್ಕೆ 6 ಮೀಟರ್ ಅಗಲವೆಂದರೆ 10,800 ಚದರ ಮೀಟರ್, ಅಂದರೆ ಎರಡೂವರೆ ಎಕರೆಗೂ ಹೆಚ್ಚು. ಆ ಜಾಗ ಹೋಗುವುದು ದಡದ ಹುಲ್ಲು, ಜೊಂಡುಗಳಿಂದಲೇ. ಇಷ್ಟು ಕಳೆದುಕೊಂಡು ಸೈಕಲ್ ಸವಾರರಿಗೆ ಸಿಗುವುದೇನು? ಗಂಟೆಗೆ 14 ಕಿ.ಮೀ. ವೇಗದಲ್ಲಿ ಹೋದರೂ ಎಂಟು ನಿಮಿಷದೊಳಗೆ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. ಬೆಳಿಗ್ಗೆ ಆರೂವರೆಗೆ ಅಜ್ಜ ಅಜ್ಜಿಯರು ಸಾಲಾಗಿ ನಡೆಯುವಾಗ ಹಿಂದಿನಿಂದ ಬೆಲ್ ಹೊಡೆಯುತ್ತಾ ಬರುವವರೊಂದಿಗೆ ದಿನಾ ಜಗಳವಾಗುತ್ತದೆ. ಕೆರೆಯ ಸುತ್ತ ನಡೆಯುವವರಿಗೆ ಮಾತ್ರ 2 ರಿಂದ 2.5 ಮೀಟರ್ ದಾರಿ ಸಾಕು. ಗಾಲಿಕುರ್ಚಿ ಮತ್ತು ಚಿಕ್ಕ ಮಕ್ಕಳ ಸೈಕಲ್ಲಿಗೆ ಅಡ್ಡಿ ಬೇಡ.

ದೊಡ್ಡವರ ಸೈಕಲ್ಲಿಗೆ ಎಲ್ಲಿಗಾದರೂ ಹೋಗಿ ಸೇರುವ ದಾರಿ ಬೇಕು. ಬೆಂಗಳೂರಿನ ಕೆರೆಗಳು ಸರಪಳಿಯಂತೆ ಹೆಣೆದುಕೊಂಡಿವೆ: ಒಂದು ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿಯಿಂದ ಹೊರಬಿದ್ದು, ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತದೆ. ಬೆಳ್ಳಂದೂರಿನ ನೀರು ವರ್ತೂರಿಗೆ ಇಳಿಯುವುದು ಹೀಗೆಯೇ. ನೀರು ಹರಿಯುವ ದಾರಿಯಾದ್ದರಿಂದ ಏರಿಳಿತ ಕಡಿಮೆ. ಸೈಕಲ್ಲಿಗೆ ಅದಕ್ಕಿಂತ ಅನುಕೂಲ ಇನ್ನೇನು? ಈ ದೊಡ್ಡ ಕಾಲುವೆಯ, ಅಂದರೆ ರಾಜಕಾಲುವೆಯ, ಹೂಳೆತ್ತುವ ಯಂತ್ರ ಓಡಾಡಲು ಒಂದು ಬದಿಯಲ್ಲಿ 3.5 ರಿಂದ 4 ಮೀಟರ್ ಹೇಗೂ ಬೇಕು. ಅದನ್ನೇ ಯಂತ್ರದ ಭಾರ ತಡೆಯುವಷ್ಟು ಗಟ್ಟಿ ಮಾಡಿದರೆ ಉಳಿದ ದಿನಗಳಲ್ಲಿ ಅದು ಎರಡು ದಿಕ್ಕಿನ ಸೈಕಲ್ ದಾರಿ. ಕಾಲುವೆಯ ಬದಿಗೆ 1.4 ಮೀಟರ್ ಎತ್ತರದ ಕಂಬಿ ಬೇಕು. ಅದಕ್ಕಿಂತ ಕುಳ್ಳಗಿದ್ದರೆ ಸೀಟಿನ ಮೇಲಿರುವವರು ಜಾರಿ ಆಚೆ ಬೀಳುವ ಅಪಾಯವಿದೆ. ನಡುನಡುವೆ ಬಿಚ್ಚಿ ತೆಗೆಯಬಹುದಾದ ಕಂಬಿಗಳನ್ನು ಇಡಿ. ಇಲ್ಲದಿದ್ದರೆ ಮೊದಲ ಹೂಳೆತ್ತುವಿಕೆಯಲ್ಲೇ ಯಂತ್ರ ಎಲ್ಲವನ್ನೂ ಮುರಿದುಹಾಕುತ್ತದೆ. ಕಾಲುವೆ ಅಡ್ಡ ರಸ್ತೆಯನ್ನು ದಾಟುವಲ್ಲಿ ಎತ್ತರಿಸಿದ ಕ್ರಾಸಿಂಗ್ ಅಥವಾ ಸಿಗ್ನಲ್ ಇರಲೇಬೇಕು. ಇನ್ನೊಂದು ಮಾತು: ಕಾಲುವೆಗೆ ಸೇರುವ ಕೊಳಚೆ ಪೈಪುಗಳನ್ನು ಮೊದಲು ಬೇರೆ ಕಡೆ ತಿರುಗಿಸದೆ ದಾರಿ ಮಾಡಿದರೆ ವಾಸನೆಗೆ ಯಾರೂ ಬರುವುದಿಲ್ಲ. ಕೋರಮಂಗಲ ಕಣಿವೆಯ ಕೆ-100 ಯೋಜನೆಯಲ್ಲಿ ಕಾಲುವೆಯ ಪಕ್ಕ ಓಡಾಡುವ ದಾರಿ ಮಾಡಿದ್ದಾರೆ. ಸಂಘದವರು ಹೋಗಿ ಅದನ್ನು ಒಮ್ಮೆ ನಡೆದು ನೋಡಿ.

ಇನ್ನು ಏರಿ. ನಮಗೆ ಹೆಚ್ಚು ಆತಂಕವಿರುವುದು ಇಲ್ಲೇ. ಏರಿಯೆಂದರೆ ನೀರನ್ನು ಹಿಡಿದು ನಿಲ್ಲಿಸಿರುವ ಮಣ್ಣಿನ ಅಣೆಕಟ್ಟು. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿ ಏರಿ ಒಣಗುತ್ತಿತ್ತು. ಈಗ ಸಂಸ್ಕರಿಸಿದ ಕೊಳಚೆ ನೀರು ವರ್ಷವಿಡೀ ಬರುವ ಹಲವು ಕೆರೆಗಳಲ್ಲಿ ಅದು ಒಣಗುವುದೇ ಇಲ್ಲ. ಅಗಲ ಸಾಲದೆಂದು ಏರಿಯ ಹೊರ ಇಳಿಜಾರಿನ ಬುಡ ಕಡಿಯಬೇಡಿ. ಬುಡದಲ್ಲಿ ಜಿನುಗುವ ನೀರಿಗಾಗಿ ತೋಡಿರುವ ಚರಂಡಿಯನ್ನು ಮುಚ್ಚಬೇಡಿ. ಜಿನುಗಿಗೆ ಹೊರದಾರಿ ಇಲ್ಲದಿದ್ದರೆ ಬುಡದ ಮಣ್ಣು ನೆನೆದು ಇಳಿಜಾರು ಜಾರುತ್ತದೆ. ಏರಿಯ ಮೇಲೆ ಮರ ನೆಡಬೇಡಿ. ಮರ ಸತ್ತು ಬೇರು ಕೊಳೆತರೆ ಆ ಟೊಳ್ಳಿನಲ್ಲಿ ನೀರು ನುಗ್ಗಿ ಮಣ್ಣನ್ನು ಕೊರೆಯುತ್ತದೆ. ಹೊರಮುಖಕ್ಕೆ ಗರಿಕೆ, ಲಾವಂಚ ಸಾಕು. ನೆರಳಿಗೆ ಹೊಂಗೆ, ನೇರಳೆಗಳನ್ನು ಏರಿ ಬಿಟ್ಟು ಉಳಿದ ದಡಗಳಲ್ಲಿ ಬೆಳೆಸಿ.

ನೀರಿಳಿಯುವ ವಾಟ ಕೂಡ ಎರಡು ಕಡೆ ಎರಡು ರೀತಿ. ಏರಿಯ ಮೇಲೆ ದಾರಿ ಕೆರೆಯ ಕಡೆಗೇ ವಾಲಿರಬೇಕು, ಏಕೆಂದರೆ ಕಲ್ಲು ಹೊದಿಸಿರುವುದು ಒಳಮುಖಕ್ಕೆ. ಹೊರಕ್ಕೆ ಬಿಟ್ಟರೆ ಒಂದೇ ಮಳೆಗೆ ಬರಿಮಣ್ಣಿನಲ್ಲಿ ಕೊರಕಲು ಬೀಳುತ್ತದೆ. ಉಳಿದ ದಡಗಳಲ್ಲಿ ಇದಕ್ಕೆ ತಿರುವುಮುರುವು: ಹೊರಕ್ಕೆ ವಾಲಿಸಿ, ಹುಲ್ಲು ಬೆಳೆದ ತಗ್ಗು ಕಾಲುವೆಗೆ ಬಿಡಿ. ವಾಟ ಮೀಟರಿಗೆ 2 ರಿಂದ 3 ಸೆಂ.ಮೀ. ಇರಲಿ.

ಏರಿಗೆ ಹತ್ತುವ ಇಳಿಜಾರು 1:20 ಇದ್ದರೆ ಗಾಲಿಕುರ್ಚಿಗೆ ಹಿತ. 4 ಮೀಟರ್ ಎತ್ತರಕ್ಕೆ 80 ಮೀಟರ್ ಉದ್ದ ಬೇಕಾಗುತ್ತದೆ. ಅದನ್ನು ಏರಿ ಕಡಿದು ಮಾಡುವ ಬದಲು ಹೊರಗಡೆ ಮಣ್ಣು ಹಾಕಿ, ಏರಿಗೆ ಸಮಾನಾಂತರವಾಗಿ ಏರಿಸಿ. ಹಳೆಯ ಮಣ್ಣನ್ನು ಮೆಟ್ಟಿಲಿನಂತೆ ಕೆತ್ತಿ, ಹೊಸ ಮಣ್ಣನ್ನು 15 ರಿಂದ 20 ಸೆಂ.ಮೀ. ಪದರಗಳಾಗಿ ದಮ್ಮಸ್ಸು ಮಾಡಿ. ಬುಡದ ಚರಂಡಿಯನ್ನು ಆಚೆಗೆ ಸರಿಸಿ ಹಾಗೇ ಉಳಿಸಿಕೊಳ್ಳಿ. ಈ ಕೆಲಸಕ್ಕೆ ಎಂಜಿನಿಯರ್ ಸಹಿ ಇಲ್ಲದೆ ಕೈಹಾಕಬೇಡಿ.

ನೆಲಹಾಸಿಗೆ ಟೈಲ್ಸ್ ಬೇಡ ಎನ್ನುತ್ತೇವೆ. ಕೆಳಗಿನ ಮಣ್ಣು ಸ್ವಲ್ಪ ಕುಸಿದರೂ ಅಂಚುಗಳು ಎದ್ದು ಕಾಲಿಗೆ ಎಡವುತ್ತವೆ. ನೆರಳಲ್ಲಿ ಪಾಚಿ ಕಟ್ಟುತ್ತವೆ. ಗಟ್ಟಿ ಮಾಡಿದ ನೆಲದ ಮೇಲೆ 15 ಸೆಂ.ಮೀ. ಜಲ್ಲಿ, ಅದರ ಮೇಲೆ 8 ರಿಂದ 10 ಸೆಂ.ಮೀ. ಮೊರಂ (ಗರಸು) ಮಣ್ಣು ಹಾಕಿ, ನೀರು ಚಿಮುಕಿಸಿ ರೋಲರ್ ಓಡಿಸಿ. ಏರಿಯ ಮೇಲೆ ಜಲ್ಲಿ ಬೇಡ, ಅದು ನೀರನ್ನು ಒಳಗೆ ಹಿಡಿದಿಡುತ್ತದೆ. ಮೊರಂ ಒಂದೇ ಸಾಕು. ಅಂಚುಕಲ್ಲು ನೆಲದ ಮಟ್ಟಕ್ಕೇ ಇರಲಿ, ಎತ್ತರಿಸಿದರೆ ಮಳೆನೀರು ದಾರಿಯಲ್ಲೇ ನಿಲ್ಲುತ್ತದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಗುಂಡಿಗಳಿಗೆ ಮೊರಂ ತುಂಬಬೇಕು. ಆ ಖರ್ಚನ್ನು ಈಗಲೇ ತೆಗೆದಿಡಿ. ಸೈಕಲ್ ದಾರಿಗೆ ಮಾತ್ರ ಕಾಂಕ್ರೀಟ್ ಆಗಬಹುದು.

ಕೋಡಿಯ ಮೇಲೆ ಮಣ್ಣು ತುಂಬಿ, ಎರಡು ಪೈಪ್ ಹಾಕಿ ದಾಟಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಂತರಗಂಗೆ, ಪ್ಲಾಸ್ಟಿಕ್ ಬಂದು ಪೈಪ್ ಕಟ್ಟಿಕೊಂಡರೆ ನೀರು ಏರಿಯ ಮೇಲೆಯೇ ಹರಿಯುತ್ತದೆ. ಮಣ್ಣಿನ ಏರಿ ಒಡೆಯಲು ಅಷ್ಟು ಸಾಕು. ಕೋಡಿಯ ಪೂರ್ತಿ ಅಗಲಕ್ಕೆ, ಸಾಧ್ಯವಾದಷ್ಟು ನಡುಗಂಬವಿಲ್ಲದ ಉಕ್ಕಿನ ಕಾಲುಸೇತುವೆ ಹಾಕಿ. ಅದರ ತಳ ಅತಿ ಹೆಚ್ಚಿನ ಪ್ರವಾಹದ ಮಟ್ಟಕ್ಕಿಂತ ಮೇಲಿರಲಿ. ಕೆರೆಗೆ ನೀರು ಬರುವ ಬಾಯಿಗಳಿಗೂ ಇದೇ ಕ್ರಮ. ಕೆರೆಯಿಂದ ನೀರು ಬಿಡುವ ತೂಬಿನ ಬಳಿ ಕೈಹಾಕಿ ದುರಸ್ತಿ ಮಾಡುವಷ್ಟು ಜಾಗ ಬಿಡಿ.

ದಾರಿ ಕೆರೆಯನ್ನು ಪೂರ್ತಿ ಸುತ್ತಬೇಕೆಂದೇನಿಲ್ಲ. ನೀರು ಒಳಬರುವ ಆಳವಿಲ್ಲದ ಬದಿಯಲ್ಲಿ ಜೊಂಡಿರುತ್ತದೆ. ಗುಳುಮುಳುಕ ಹಕ್ಕಿ ಅಲ್ಲೇ ತೇಲುವ ಗೂಡು ಕಟ್ಟುತ್ತದೆ. ಆ ಬದಿಯನ್ನು ಹಕ್ಕಿಗಳಿಗೆ ಬಿಟ್ಟು, ದಾರಿಯನ್ನು ದೂರಕ್ಕೆ ಸರಿಸಿ ಅಥವಾ ಅಲ್ಲಿಗೇ ನಿಲ್ಲಿಸಿ. ನೀರಿನ ಕಡೆ ಬೆಳಕು ಬೀಳಬಾರದು. ಬೇಲಿ ಹಾಕುವುದಾದರೆ ಮೀನು ಹಿಡಿಯುವವರಿಗೆ, ದನಕ್ಕೆ ಹುಲ್ಲು ಕೊಯ್ಯುವವರಿಗೆ, ಗಣೇಶನನ್ನು ಬಿಡುವ ಕಲ್ಯಾಣಿಗೆ ಬೇರೆ ಬೇರೆ ಬಾಗಿಲು ಇಡಿ. ಈ ಕೆರೆ ನಿಮ್ಮ ಬಡಾವಣೆ ಹುಟ್ಟುವ ಮೊದಲಿನಿಂದಲೂ ಅವರದು.

ಜಾಗದ ವಿಚಾರ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯಂಚಿನಿಂದ 75 ಮೀಟರ್ ಮೀಸಲು ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿದ ಮೇಲೆ ನಗರಯೋಜನೆಯ 30 ಮೀಟರ್ ಅಳತೆಯೇ ಉಳಿಯಿತು. ಅಳತೆ ಬದಲಿಸುವ ಮಾತು ಆಮೇಲೂ ನಡೆದಿದೆ, ಆದ್ದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವುದನ್ನು ಕೇಳಿಕೊಳ್ಳಿ. ಮೀಸಲು ಅಂಚಿನಲ್ಲಿ ಕಟ್ಟಡ ಕಟ್ಟಬಾರದು, ನಿಜ. ಆದರೆ ಜಮೀನು ಖಾಸಗಿಯವರದ್ದಾದರೆ ಅಲ್ಲಿ ನಿಮ್ಮ ದಾರಿಗೂ ಹಕ್ಕಿಲ್ಲ. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ, ಗ್ರಾಮ ನಕ್ಷೆಯೊಂದಿಗೆ ತಾಳೆ ಮಾಡಿ, ತಹಶೀಲ್ದಾರರಿಗೆ ಬರೆದು ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿ. ಆಮೇಲೆ ಕೆರೆಯ ಒಡೆತನವಿರುವ ಇಲಾಖೆ ಮತ್ತು ಕೆರೆ ಸಂರಕ್ಷಣಾ ಪ್ರಾಧಿಕಾರದಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಮಳೆ ಜೋರಾಗಿರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುತ್ತಲೂ ನಡೆದು ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಗೂಟ ನೆಡಿ. ದಾರಿಯ ಗೆರೆ ಆ ಗೂಟಗಳಿಗಿಂತ ಅರ್ಧ ಮೀಟರ್ ಆದರೂ ಮೇಲಿರಲಿ.