ಕಡಲ ಹತ್ತಿರದ ಮನೆಗೆ ಸ್ಟೀಲ್ ರೇಲಿಂಗ್: ಮ್ಯಾಟ್ ಚೆನ್ನವೋ, ಮಿರರ್ ಪಾಲಿಶ್ ಚೆನ್ನವೋ?

ನೀವು ಕೇಳಿದ್ದನ್ನೇ ಮಲ್ಪೆಯ ಗಿರಾಕಿಯೊಬ್ಬರು ನನ್ನಲ್ಲಿ ಕೇಳಿದ್ದರು. ನಾನು ಉಡುಪಿಯಲ್ಲಿ ಫ್ಯಾಬ್ರಿಕೇಶನ್ ಶೆಡ್ ಹಾಕಿ ಆಗ ಎರಡು ವರ್ಷವಾಗಿತ್ತು. ಅವರ ಟೆರೇಸಿನಲ್ಲಿ ನಿಂತರೆ ಕಡಲಿನ ಮೊರೆತ ಕೇಳುತ್ತಿತ್ತು. ಮಿರರ್ ಪಾಲಿಶ್ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಬೆರಳಚ್ಚು ಕಾಣುತ್ತದೆ, ಲಿಫ್ಟ್ ಬಾಗಿಲಿನಲ್ಲಿರುವಂಥ ಗೆರೆಗೆರೆಯ ಮ್ಯಾಟ್ ಬೇಕು ಎಂದರು. ಆಗಲಿ ಎಂದೆ.

ಶೆಡ್ಡಿನಲ್ಲಿದ್ದದ್ದು ಮಿರರ್ ಪಾಲಿಶ್ ಆದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪೈಪು. ಅದನ್ನು ಮ್ಯಾಟ್ ಮಾಡಲು 80 ನಂಬರಿನ ಬೆಲ್ಟ್, ಅಂದರೆ ಮರಳು ಕಾಗದದಂಥ ಪಟ್ಟಿ ಹಿಡಿದು ಉಜ್ಜಿದೆ. ಬೆಲ್ಟಿನ ನಂಬರ್ ಕಡಿಮೆಯಾದಷ್ಟೂ ಅದು ಒರಟು. ಗೆರೆ ಎದ್ದು ಕಂಡಿತು, ವೆಲ್ಡಿಂಗ್ ಗುರುತೂ ಮುಚ್ಚಿಹೋಯಿತು, ಗಿರಾಕಿಗೂ ಸಂತೋಷವಾಯಿತು.

ಮಳೆಗಾಲದಲ್ಲಿ ಏನೂ ಆಗಲಿಲ್ಲ. ದೀಪಾವಳಿ ಕಳೆದ ಮೇಲೆ ಫೋನ್ ಬಂತು. ಒಣಗಲು ಹಾಕಿದ್ದ ಬಿಳಿ ಬೈರಾಸಿನ ಮೇಲೆ ಕಂದು ಗೆರೆ ಮೂಡಿತ್ತು. ಹೋಗಿ ನೋಡಿದರೆ ಪೈಪಿನ ಮೇಲ್ಭಾಗ ಹೆಚ್ಚುಕಡಿಮೆ ಸ್ವಚ್ಛವಾಗಿತ್ತು. ಮಳೆನೀರು ತಾಗದ ಅಡಿಭಾಗ ಮಾತ್ರ ಉದ್ದಕ್ಕೂ ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿತ್ತು.

304 ಎಂದು ಹೇಳಿ ಅಂಗಡಿಯವರು ಅಗ್ಗದ 202 ದರ್ಜೆಯದು ಕೊಟ್ಟಿದ್ದಾರೆ ಎಂದೇ ಮೊದಲು ಅಂದುಕೊಂಡೆ. ತುಂಡೊಂದನ್ನು ಪರೀಕ್ಷೆಗೆ ಕೊಟ್ಟೆ. ಕ್ರೋಮಿಯಂ ಶೇಕಡಾ 18, ನಿಕಲ್ ಶೇಕಡಾ 8, ಎರಡೂ ಸರಿಯಾಗಿದ್ದವು. ತಪ್ಪು ಪೈಪಿನದಲ್ಲ, ನನ್ನ ಬೆಲ್ಟಿನದು.

ಇದನ್ನು ಬಿಡಿಸಿ ಹೇಳಲೇಬೇಕು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಗೀರು ಬಿದ್ದರೆ ಗಾಳಿಯ ಆಮ್ಲಜನಕದಿಂದ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಹಾಗಾಗಿ ಹೇಗೆ ಉಜ್ಜಿದರೂ ನಡೆಯುತ್ತದೆ ಎಂದು ನಂಬಿದ್ದೆ. ಆದರೆ 80 ನಂಬರಿನ ಬೆಲ್ಟ್ ಲೋಹವನ್ನು ಗದ್ದೆಯಂತೆ ಉಳುತ್ತದೆ. ಸಾಲು ಬೀಳುತ್ತದೆ, ಸಾಲಿನ ಅಂಚಿನಲ್ಲಿ ಕಿತ್ತ ಲೋಹದ ಸಿಪ್ಪೆ ಮಡಚಿಕೊಳ್ಳುತ್ತದೆ. ಕಡಲ ಗಾಳಿಯ ಉಪ್ಪು ಆ ಮಡಿಕೆಯೊಳಗೆ ಕೂರುತ್ತದೆ. ರಾತ್ರಿಯ ತೇವಕ್ಕೆ ಕರಗಿ, ಹಗಲು ನೀರು ಆರಿದಂತೆಲ್ಲ ಇನ್ನಷ್ಟು ಗಾಢವಾಗುತ್ತದೆ. ಉಪ್ಪಿನ ಕ್ಲೋರೈಡ್ ಪೊರೆಯನ್ನು ಒಡೆಯುತ್ತಲೇ ಇರುತ್ತದೆ, ಮಡಿಕೆಯೊಳಗೆ ಆಮ್ಲಜನಕ ಸಾಲದೆ ಪೊರೆ ಕೂಡಿಕೊಳ್ಳುವುದಿಲ್ಲ. ಮಿರರ್ ಪೈಪಿನಲ್ಲಿ ಉಪ್ಪಿಗೆ ಇಂಥ ನೆಲೆ ಇರಲಿಲ್ಲ. ಅದನ್ನು ಮಾಡಿಕೊಟ್ಟವನು ನಾನೇ.

ಇಡೀ ರೇಲಿಂಗ್ ಬಿಚ್ಚಿ ತಂದೆ. 120, 240, 400 ಎಂದು ಒಂದೊಂದೇ ಬೆಲ್ಟ್ ಏರಿಸಿ ಹಳೆಯ ಸಾಲುಗಳನ್ನೆಲ್ಲ ತೆಗೆದು, ಬೆಸುಗೆಯ ಸುಟ್ಟ ಕಲೆ ತೆಗೆಯುವ ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆದು, ಬಫಿಂಗ್ ಮಾಡಿ ಮತ್ತೆ ಕೂರಿಸಿದೆ. ಹನ್ನೊಂದು ದಿನ, ಇಬ್ಬರ ಕೂಲಿ, ಎಲ್ಲವೂ ನನ್ನ ಕೈಯಿಂದಲೇ ಹೋಯಿತು. ಆ ಗಿರಾಕಿ ಮತ್ತೆ ಯಾವ ಕೆಲಸವನ್ನೂ ಕೊಡಲಿಲ್ಲ.

ಆದ್ದರಿಂದ ಮ್ಯಾಟ್ ಚೆನ್ನವೋ ಮಿರರ್ ಚೆನ್ನವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೊನೆಗೆ ಯಾವ ನಂಬರಿನ ಬೆಲ್ಟ್ ಓಡಿಸುತ್ತೀರಿ ಎಂದು ಕೆಲಸದವರನ್ನು ಕೇಳಿ. ಕಡಲತೀರದಲ್ಲಿ ಮೇಲ್ಮೈಯ ಒರಟುತನ 0.5 ಮೈಕ್ರಾನ್ ದಾಟಬಾರದು. ಅಂದರೆ 320 ಅಥವಾ ಅದಕ್ಕಿಂತ ನಯವಾದ ಬೆಲ್ಟ್ ಬೇಕು. ಮ್ಯಾಟ್ ಬೇಕೇ ಬೇಕೆಂದರೆ ಕಂಬಗಳ ಗೆರೆ ಮೇಲಿನಿಂದ ಕೆಳಕ್ಕೆ ಇರಲಿ, ಮಳೆನೀರು ಉಪ್ಪನ್ನು ಜಾರಿಸಿಕೊಂಡು ಹೋಗುತ್ತದೆ. ಹಣವಿದ್ದರೆ 316 ದರ್ಜೆಯದು ತೆಗೆದುಕೊಳ್ಳಿ, ಅದರಲ್ಲಿ ಉಪ್ಪಿನ ಹೊಡೆತ ತಡೆಯಲು 2ರಿಂದ 3 ಶೇಕಡಾ ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ. ಆದರೆ 316 ಎಂಬ ಧೈರ್ಯದಲ್ಲಿ ಒರಟಾಗಿ ಉಜ್ಜಲು ಬಿಡಬೇಡಿ, ಅದೂ ಕಂದಾಗುತ್ತದೆ.

ಮನೆಯೊಳಗೆ ಈ ಚಿಂತೆಯಿಲ್ಲ. ಅಡುಗೆಮನೆಗೆ ನಂಬರ್ 4 ಅಥವಾ ಹೇರ್‌ಲೈನ್ ಎಂಬ ಗೆರೆಗೆರೆಯ ಮ್ಯಾಟ್ ಧಾರಾಳವಾಗಿ ಹಾಕಿಸಿ. ಗೀರು ಬಿದ್ದರೆ ಗೆರೆಯ ದಿಕ್ಕಿನಲ್ಲೇ ಸ್ಕಾಚ್‌ಬ್ರೈಟ್ ಉಜ್ಜಿ ಸರಿಮಾಡಬಹುದು, ಮಿರರಿನಲ್ಲಿ ಅದು ಸಾಧ್ಯವಿಲ್ಲ. ಒಳಗಿರಲಿ ಹೊರಗಿರಲಿ, ಟೈಲ್ಸ್ ತೊಳೆಯುವ ಆಸಿಡ್ ಮಾತ್ರ ಸ್ಟೀಲಿಗೆ ಸಿಡಿಯಬಾರದು.

ರೇಲಿಂಗ್ ಬಂದ ದಿನ ಪೈಪಿನ ಅಡಿಭಾಗದಲ್ಲಿ ಗೆರೆಗೆ ಅಡ್ಡಲಾಗಿ ಉಗುರು ಎಳೆಯಿರಿ. ಕರಕರ ಎಂದರೆ ಲಾರಿಯಿಂದ ಇಳಿಸಿಕೊಳ್ಳಬೇಡಿ.