3 ಪಟ್ಟು ಫಂಡಿನ ಲೆಕ್ಕ

ಪ್ರಶ್ನೆ: ಹುಬ್ಬಳ್ಳಿ ದುರ್ಗದಬೈಲ್ ಹತ್ರ ನಂದು ಬಟ್ಟಿ ಅಂಗಡಿ ಐತ್ರಿ. ಅಮೆರಿಕಾದ ನ್ಯಾಸ್ಡ್ಯಾಕ್ ಶೇರು ಸೂಚ್ಯಂಕದ 3 ಪಟ್ಟು ಫಂಡಿಗೆ, ದೀಪಾವಳಿ ಮಾಲಿಗಂತ ತಗದಿಟ್ಟ 2 ಲಕ್ಷ ಹಾಕ್ಲೇನ್ರಿ? ಅಂಥಾದ್ದು ನಮ್ಮಲ್ಲಿ ಯಾಕಿಲ್ಲ?

ಉತ್ತರ: ನಮ್ಮ ಮ್ಯೂಚುವಲ್ ಫಂಡಿಗೆ ಸಾಲ ಮಾಡಿ ಪಟ್ಟು ಏರಸಾಕ ಸೆಬಿ (ಶೇರು ಮಾರ್ಕೆಟ್ ನಿಯಂತ್ರಕ) ಬಿಡೂದಿಲ್ರಿ, ನನಗಂತೂ ಅದು ಚಲೋನ ಅನಸ್ತೈತಿ. ಆ 3 ಪಟ್ಟು ಅಂದ್ರ ಸೂಚ್ಯಂಕ ಶೇ 1 ಏರಿದ್ರ ಫಂಡ್ ಶೇ 3 ಏರತೈತಿ, ಇಳದ್ರೂ ಹಂಗ; ಆದ್ರ ಅದು ಒಂದೊಂದು ದಿನದ ಲೆಕ್ಕ, ವರ್ಷದ್ದಲ್ಲ, ಭಾಳ ಮಂದಿ ಎಡವೂದ ಇಲ್ಲೆ. ಸೂಚ್ಯಂಕ 100 ಇದ್ದದ್ದು ಇವತ್ತ 90 ಆತು, ನಾಳೆ ತಿರುಗಿ 100ಕ್ಕ ಬಂತು ಅನ್ರಿ, ನಿಮ್ಮ ಫಂಡ್ ಮಾತ್ರ 100ರಿಂದ 70ಕ್ಕ ಬಿದ್ದು ಮರುದಿನ (ಸೂಚ್ಯಂಕ ಶೇ 11 ಏರಿದ್ದಕ್ಕ) ಶೇ 33 ಎದ್ರೂ ಬರೀ 93 ಚಿಲ್ಲರೆ. ಮಾರ್ಕೆಟ್ ಇದ್ದಲ್ಲೇ ಐತಿ, ನಿಮ್ಮ 2 ಲಕ್ಷದಾಗ 13 ಸಾವಿರ ಹೋತು! ಮಾರ್ಕೆಟ್ ಬಿದ್ರ ಏರೂ ಇನ್ವರ್ಸ್ ಫಂಡಿಂದೂ ಇದ ಹಣೇಬರಹ. ಮೊದ್ಲ ಮಾಲ್ ತರಸ್ರಿ, ರೇಟ್ ಏರೂದ್ರಾಗ.